ಹಳೆಯ ಆಫ್‌ಶೋರ್ ಪವರ್‌ಬೋಟ್ ಕೈಕೊಟ್ಟಾಗ: ಎಂಜಿನ್ ಬಿಚ್ಚುವ ಮುಂಚೆ ಡ್ರೈವ್ ನೋಡಿ

ಎಪ್ಪತ್ತು, ಎಂಬತ್ತರ ದಶಕದ ಮಯಾಮಿ ಮಾದರಿಯ ಆಫ್‌ಶೋರ್ ದೋಣಿ, ಅಂದರೆ ತೆರೆದ ಸಮುದ್ರದಲ್ಲಿ ವೇಗವಾಗಿ ಓಡಲು ಕಟ್ಟಿದ್ದು, ಕೆಟ್ಟಿತು ಅಂದ ಕೂಡಲೇ ಮಾಲೀಕರು ಎಂಜಿನ್ ಹ್ಯಾಚ್ ಎತ್ತುತ್ತಾರೆ. ಒಳಗೆ ಎರಡು ದೊಡ್ಡ ವಿ8 ಎಂಜಿನ್, ಹೊಳೆಯುವ ಕ್ರೋಮ್. ದೋಷವೂ ಅಲ್ಲೇ ಇರಬೇಕು ಅನ್ನಿಸುವುದು ಸಹಜ. ಆದರೆ ಈ ದೋಣಿಗಳಲ್ಲಿ ಮೊದಲು ಸೋಲುವುದು ಸಾಮಾನ್ಯವಾಗಿ ಎಂಜಿನ್ ಅಲ್ಲ, ಅದರ ಹಿಂದಿನ ಸರಪಳಿ: ಕಪ್ಲರ್, ಗೇರ್‌ಬಾಕ್ಸ್, ಡ್ರೈವಿಗೆ ಹೋಗುವ ಶಾಫ್ಟನ್ನು ಹೊತ್ತ ಜಿಂಬಲ್ ಬೇರಿಂಗ್, ಡ್ರೈವ್, ಪ್ರೊಪೆಲ್ಲರ್.

ಕಾರಣ ಈ ದೋಣಿಗಳು ಬೆಳೆದ ರೀತಿಯಲ್ಲೇ ಇದೆ. 1959ರಲ್ಲಿ ವೋಲ್ವೊ ಪೆಂಟಾ ಕಂಪನಿ ಅಕ್ವಾಮ್ಯಾಟಿಕ್ ಎಂಬ ಸ್ಟರ್ನ್‌ಡ್ರೈವ್ ತಂದಿತು. ಯೋಚನೆ ಜಿಮ್ ವಿನ್ ಎಂಬ ಅಮೆರಿಕದ ಎಂಜಿನಿಯರ್‌ನದು. ಎಂಜಿನ್ ದೋಣಿಯ ಒಳಗೆ, ಗೇರ್ ಮತ್ತು ಪ್ರೊಪೆಲ್ಲರ್ ಹಿಂದಿನ ಗೋಡೆಯ ಆಚೆಗೆ. ಆ ಹೊರಗಿನ ಭಾಗವೇ ಡ್ರೈವ್. ಮರುವರ್ಷದ ಮಯಾಮಿ–ನಸ್ಸಾವ್ ರೇಸಿನಲ್ಲಿ ರೇ ಹಂಟ್ ವಿನ್ಯಾಸದ, ಆಳವಾದ ವಿ ತಳದ 31 ಅಡಿಯ ‘ಮಾಪಿ’ ದೊಡ್ಡ ಅಲೆಗಳನ್ನು ಸೀಳಿಕೊಂಡು ಗೆದ್ದಿತು. ವಿನ್ ತನ್ನ ಚಿಕ್ಕ ದೋಣಿಯಲ್ಲಿ, ಸ್ಟರ್ನ್‌ಡ್ರೈವ್ ಹಾಕಿಕೊಂಡೇ, ಎರಡನೆಯವನಾಗಿ ಬಂದ. ಆ ಎರಡು ಯೋಚನೆಗಳನ್ನು ಸೇರಿಸಿ ಡಾನ್ ಅರೊನೊ ಉತ್ತರ ಮಯಾಮಿಯ 188ನೇ ಬೀದಿಯಲ್ಲಿ ಒಂದರ ಹಿಂದೊಂದು ಕಂಪನಿ ಕಟ್ಟಿದ: ಫಾರ್ಮುಲಾ, ಡಾನ್ಜಿ, ಮ್ಯಾಗ್ನಮ್, ಆಮೇಲೆ ಸಿಗರೆಟ್. ಜನ ಆ ಬೀದಿಯನ್ನೇ ಥಂಡರ್‌ಬೋಟ್ ರೋ ಅಂದರು.

ಅಲ್ಲಿ ದೋಣಿ ಕೊಳ್ಳುವವನು ಎಂಜಿನ್ ತಾನೇ ಆರಿಸುತ್ತಿದ್ದ. 454 ಕ್ಯುಬಿಕ್ ಇಂಚಿನ ಬಿಗ್ ಬ್ಲಾಕ್, 330 ಅಥವಾ 370 ಕುದುರೆಶಕ್ತಿ. ಆಮೇಲೆ ಬಂದ ಮಾಲೀಕ ಅದನ್ನು ತೆಗೆದು ಇನ್ನೂ ದೊಡ್ಡದನ್ನು ಹಾಕಿಸಿದ. ಡ್ರೈವ್ ಮಾತ್ರ ಹಳೆಯದೇ ಉಳಿಯಿತು. ಆ ಶಕ್ತಿಯೆಲ್ಲ ಡ್ರೈವಿನೊಳಗೆ ಎರಡು ಸಲ 90 ಡಿಗ್ರಿ ತಿರುಗಿ ಪ್ರೊಪೆಲ್ಲರ್ ತಲುಪಬೇಕು. ಅಲೆಯ ಮೇಲಿಂದ ದೋಣಿ ಹಾರಿದಾಗ ಪ್ರೊಪೆಲ್ಲರ್ ನೀರಿನಿಂದ ಹೊರಬರುತ್ತದೆ, ಎಂಜಿನ್ ಏಕಾಏಕಿ ರೇಸ್ ಆಗುತ್ತದೆ. ಮತ್ತೆ ನೀರು ಮುಟ್ಟಿದಾಗ ಇಡೀ ಹೊಡೆತ ಗೇರ್ ಹಲ್ಲುಗಳ ಮೇಲೆ. ರೇಸ್ ದೋಣಿಗಳಲ್ಲಿ ಥ್ರಾಟಲ್ ಹಿಡಿಯಲೆಂದೇ ಬೇರೆ ಮನುಷ್ಯ ಇರುತ್ತಿದ್ದದ್ದು ಸುಮ್ನೆ ಅಲ್ಲ.

ಮಲ್ಪೆಯ ಟ್ರಾಲ್ ಬೋಟಿನಲ್ಲಿ ಎಂಜಿನ್‌ನಿಂದ ನೇರ ಶಾಫ್ಟ್ ತಳದ ಕೆಳಗೆ ಹೋಗುತ್ತದೆ. ಅದನ್ನು ನೋಡಿ ಬೆಳೆದವರಿಗೆ ಇಲ್ಲಿನ ರಬ್ಬರ್ ಬೆಲೋಸು (ನೀರು ಒಳಬರದಂತೆ ಶಾಫ್ಟಿನ ಸುತ್ತ ಮುಚ್ಚಿದ ಮಡಿಕೆಯ ತೋಳು), ಕೀಲು, ಕೋನಗಳೆಲ್ಲ ಅತಿ ಅನ್ನಿಸಬಹುದು. ಕೆಲವು ದಿನ ನನಗೂ ಹಾಗೇ ಅನ್ನಿಸುತ್ತದೆ.

ಕೈ ಹಾಕುವ ಮುಂಚೆ

ಪೆಟ್ರೋಲ್ ಆವಿ ಗಾಳಿಗಿಂತ ಭಾರ. ಅದು ಬಿಲ್ಜ್‌ನಲ್ಲಿ, ಅಂದರೆ ದೋಣಿಯ ತಳದಲ್ಲಿ, ಇಳಿದು ಕೂರುತ್ತದೆ. ಹ್ಯಾಚ್ ತೆರೆದು ಮೊದಲು ಮೂಸಿ ನೋಡಿ. ಆಮೇಲೆ ಕನಿಷ್ಠ ನಾಲ್ಕೈದು ನಿಮಿಷ ಬ್ಲೋವರ್ ಓಡಿಸಿ. ಅದಾದ ಮೇಲೂ ಪೆಟ್ರೋಲ್ ವಾಸನೆ ಇದ್ದರೆ ಯಾವ ಸ್ವಿಚ್ಚನ್ನೂ ಮುಟ್ಟಬೇಡಿ. ಜನರನ್ನು ದೂರ ಕಳಿಸಿ, ಸೋರಿಕೆ ಪತ್ತೆಯಾಗುವವರೆಗೆ ಬೇರೆ ಪರೀಕ್ಷೆ ಇಲ್ಲ. ಸ್ಟಾರ್ಟರ್, ಆಲ್ಟರ್ನೇಟರ್, ಫ್ಯೂಯಲ್ ಪಂಪು ಬದಲಿಸುವಾಗ ಕಾರಿನದನ್ನು ಹಾಕಬೇಡಿ. ನೋಡಲು ಒಂದೇ ಥರ ಇರುತ್ತವೆ. ಆದರೆ ಮರೀನ್ ಭಾಗಗಳಲ್ಲಿ ಒಳಗಿನ ಕಿಡಿ ಹೊರಗಿನ ಆವಿಗೆ ತಾಗದ ಹಾಗೆ ಮುಚ್ಚಿರುತ್ತದೆ. ಬೆಲೆ ಜಾಸ್ತಿ ಆಗುವುದು ಅದಕ್ಕೇ.

ಪ್ರೊಪೆಲ್ಲರ್ ಹತ್ತಿರ ಕೆಲಸ ಇದ್ದರೆ ಕೀ ತೆಗೆದು ಜೇಬಿಗೆ ಹಾಕಿಕೊಳ್ಳಿ, ಬ್ಯಾಟರಿ ಸ್ವಿಚ್ ಆಫ್ ಮಾಡಿ. ಟ್ರೈಲರ್ ಮೇಲೆ ಎಂಜಿನ್ ಓಡಿಸುವುದಾದರೆ ಪ್ರೊಪೆಲ್ಲರ್ ಬಿಚ್ಚಿಡಿ, ನೀರಿನ ಪೈಪ್ ಕೊಡದೆ ಒಂದು ಕ್ಷಣವೂ ಓಡಿಸಬೇಡಿ, ಐಡಲ್‌ಗಿಂತ ಮೇಲೆ ಹೋಗಬೇಡಿ. ಮುಚ್ಚಿದ ಶೆಡ್ಡಿನಲ್ಲಂತೂ ಬೇಡವೇ ಬೇಡ. ಇಂಗಾಲದ ಮಾನಾಕ್ಸೈಡ್‌ಗೆ ವಾಸನೆ ಇಲ್ಲ.

ನಿಮ್ಮ ದೋಣಿಯಲ್ಲಿ ನಿಜವಾಗಿ ಏನಿದೆ?

ಇದು ಲಕ್ಷಣ ಅಲ್ಲ. ಆದರೂ ಇಲ್ಲಿಂದಲೇ ಶುರು ಮಾಡಬೇಕು. ಕಸ್ಟಮ್ ದೋಣಿಗೆ ಕಾಗದದಲ್ಲಿ ಬರೆದದ್ದೊಂದು, ಒಳಗೆ ಇರುವುದೊಂದು. ಎಂಜಿನ್ ಮತ್ತು ಡ್ರೈವಿನ ಸೀರಿಯಲ್ ನಂಬರ್ ಬರೆದುಕೊಂಡು ಅದರ ಪ್ರಕಾರ ಸರ್ವಿಸ್ ಮ್ಯಾನ್ಯುಯಲ್ ಹುಡುಕಿ.

ಸಾಮಾನ್ಯವಾಗಿ ಸಿಗುವುದು ಮೂರು ಬಗೆ. ಮರ್ಕ್ರೂಸರ್ ಕಂಪನಿಯ ಟಿಆರ್‌ಎಸ್‌ನಲ್ಲಿ ಡ್ರೈವಿನೊಳಗೆ ಕ್ಲಚ್ ಇಲ್ಲ. ಫಾರ್ವರ್ಡ್, ರಿವರ್ಸ್ ಎಲ್ಲ ಎಂಜಿನ್ ಬೆನ್ನಿಗೆ ಕೂತ ಬೋರ್ಗ್ ವಾರ್ನರ್ ಹೈಡ್ರಾಲಿಕ್ ಗೇರ್‌ಬಾಕ್ಸಿನಲ್ಲಿ. ಎಂಬತ್ತರ ದಶಕದ ಕೊನೆಯಲ್ಲಿ ಬಂದ ಅದೇ ಕಂಪನಿಯ ಬ್ರಾವೊ ಒನ್‌ನಲ್ಲಿ ಡ್ರೈವಿನ ಮೇಲ್ಭಾಗದಲ್ಲೇ ಕೋನ್ ಕ್ಲಚ್ ಇದೆ. ಮೂರನೆಯದು ಆರ್ನೆಸನ್ ಸರ್ಫೇಸ್ ಡ್ರೈವ್. ಈಜುಕೊಳ ತೊಳೆಯುವ ಯಂತ್ರ ಕಂಡುಹಿಡಿದ ಹೋವರ್ಡ್ ಆರ್ನೆಸನ್‌ನದೇ ಇದೂ. ಇದರಲ್ಲಿ ಶಾಫ್ಟ್ ನೇರವಾಗಿ ಹಿಂದಕ್ಕೆ ಬರುತ್ತದೆ, ಪ್ರೊಪೆಲ್ಲರ್ ಅರ್ಧ ನೀರಿನಲ್ಲಿ, ಅರ್ಧ ಮೇಲೆ. ಹಿಂದೆ ಎತ್ತರಕ್ಕೆ ಚಿಮ್ಮುವ ನೀರು ಇದರಲ್ಲಿ ದೋಷ ಅಲ್ಲ. ನಿಮ್ಮಲ್ಲಿ ಯಾವುದಿದೆ ಅನ್ನುವುದರ ಮೇಲೆ ಕೆಳಗಿನ ಲಕ್ಷಣಗಳ ಅರ್ಥವೇ ಬದಲಾಗುತ್ತದೆ.

ಎಂಜಿನ್ ಕೂಗುತ್ತದೆ, ದೋಣಿ ಮುಂದೆ ಹೋಗುವುದಿಲ್ಲ

ಎಲ್ಲಕ್ಕಿಂತ ಹೆಚ್ಚು ದುಡ್ಡು ವ್ಯರ್ಥವಾಗುವುದು ಈ ಲಕ್ಷಣದಲ್ಲಿ. ಕೂಡಲೇ ‘ಡ್ರೈವ್ ಹೋಯ್ತು’ ಅಂತ ತೀರ್ಪು ಕೊಡುವವರು ಬೇಕಾದಷ್ಟು ಜನ ಸಿಗುತ್ತಾರೆ. ನೀವು ಹೀಗೆ ಹೋಗಿ.

ಮೊದಲು ಟ್ರಿಮ್, ಅಂದರೆ ಡ್ರೈವನ್ನು ಮೇಲೆ ಕೆಳಗೆ ಓರೆ ಮಾಡುವ ವ್ಯವಸ್ಥೆ. ಡ್ರೈವ್ ಜಾಸ್ತಿ ಮೇಲೆತ್ತಿದ್ದರೆ ಪ್ರೊಪೆಲ್ಲರ್ ಗಾಳಿ ಎಳೆದುಕೊಂಡು ಸುಮ್ನೆ ತಿರುಗುತ್ತದೆ. ಪೂರ್ತಿ ಕೆಳಗಿಳಿಸಿ ನಿಧಾನ ಹೊರಡಿ. ಸರಿಹೋದರೆ ಅಲ್ಲಿಗೆ ಮುಗಿಯಿತು. ಕೆಳಗಿಳಿಸಿದ್ದೂ ತಾನಾಗಿ ಮೇಲೇರುತ್ತಿದ್ದರೆ ಟ್ರಿಮ್ ಸಿಲಿಂಡರ್ ಅಥವಾ ಪಂಪಿನ ವಾಲ್ವ್ ಸೋರುತ್ತಿದೆ. ಆರ್ನೆಸನ್ ಇದ್ದರೆ ನಿಂತಲ್ಲಿಂದ ಪ್ಲೇನ್‌ಗೆ ಏರುವ, ಅಂದರೆ ದೋಣಿ ಮೇಲೆದ್ದು ನೀರಿನ ಮೇಲೆ ಜಾರತೊಡಗುವ, ಹೊತ್ತಿನಲ್ಲಿ ಸ್ವಲ್ಪ ಜಾರುವುದು ಅದರ ಸ್ವಭಾವ.

ಆಮೇಲೆ ಪ್ರೊಪೆಲ್ಲರ್ ಹಬ್. ಕೆಲವು ಪ್ರೊಪೆಲ್ಲರ್‌ಗಳ ಒಳಗೆ ರಬ್ಬರ್ ಹಬ್ ಇರುತ್ತದೆ. ಅದು ಸಡಿಲವಾದರೆ ಶಾಫ್ಟ್ ತಿರುಗುತ್ತದೆ, ರೆಕ್ಕೆ ತಿರುಗುವುದಿಲ್ಲ. ಒಳಗಿನ ಹಬ್ ಮತ್ತು ಹೊರಗಿನ ಪ್ರೊಪೆಲ್ಲರ್ ಎರಡಕ್ಕೂ ಅಡ್ಡವಾಗಿ ಪೇಂಟಿನಿಂದ ಒಂದು ಗೆರೆ ಎಳೆಯಿರಿ. ಒಂದು ಸುತ್ತು ಓಡಿಸಿ ಬಂದು ನೋಡಿ. ಗೆರೆ ಎರಡು ತುಂಡಾಗಿ ಸರಿದಿದ್ದರೆ ಕಳ್ಳ ಸಿಕ್ಕ. ಖರ್ಚು ಒಂದು ಹನಿ ಪೇಂಟು. ಲೋಹದ ಗಟ್ಟಿ ಹಬ್ ಇದ್ದರೆ ಈ ಪರೀಕ್ಷೆ ಬೇಡ.

ಮೂರನೆಯದು ಕಪ್ಲರ್. ಎಂಜಿನ್‌ನ ಫ್ಲೈವೀಲ್‌ಗೆ ಬೋಲ್ಟ್ ಆದ, ಮಧ್ಯೆ ರಬ್ಬರ್ ಇರುವ ತಟ್ಟೆ ಇದು. ಬ್ರಾವೊ ದೋಣಿಯಲ್ಲಿ ಎಂಜಿನ್ ಹಿಂಭಾಗದಿಂದ ಸುಟ್ಟ ರಬ್ಬರ್ ವಾಸನೆ, ಬೆಲ್ ಹೌಸಿಂಗ್ ಕೆಳಗೆ ಕಪ್ಪು ಪುಡಿ ಕಂಡರೆ ಇದರ ಮೇಲೇ ಅನುಮಾನ. ಬದಲಿಸಲು ಡ್ರೈವ್ ತೆಗೆದು, ಎಂಜಿನ್ ಎತ್ತಬೇಕು. ಮನೆಯಲ್ಲಿ ಆಗುವ ಕೆಲಸ ಅಲ್ಲ. ಇನ್ನೊಂದು ಮಾತು: ಕಪ್ಲರ್ ಸುಮ್ಮಸುಮ್ಮನೆ ಹೋಗುವುದು ಕಡಿಮೆ. ಎಂಜಿನ್ ಅಲೈನ್‌ಮೆಂಟ್, ಅಂದರೆ ಎಂಜಿನ್ ಮತ್ತು ಡ್ರೈವ್ ಒಂದೇ ನೇರದಲ್ಲಿ ಇರುವುದು, ತಪ್ಪಿದರೆ ಹೋಗುತ್ತದೆ. ಅಲೈನ್‌ಮೆಂಟ್ ನೋಡದೆ ಹೊಸದು ಹಾಕಿಕೊಡುವವರ ಹತ್ತಿರ ಎರಡನೇ ಸಲ ಹೋಗಬೇಕಾಗುತ್ತದೆ.

ಟಿಆರ್‌ಎಸ್ ಇದ್ದರೆ ಗೇರ್‌ಬಾಕ್ಸಿನ ಡಿಪ್‌ಸ್ಟಿಕ್ ಎಳೆದು ನೋಡಿ. ಎಣ್ಣೆ ತಿಳಿ ಕೆಂಪಗಿದ್ದರೆ ಒಳ್ಳೆಯದು. ಮಟ್ಟ ಕಡಿಮೆ ಇದ್ದರೂ ಕ್ಲಚ್ ಜಾರುತ್ತದೆ, ಮ್ಯಾನ್ಯುಯಲ್ ಹೇಳಿದ ಎಣ್ಣೆ ಹಾಕಿ ಮತ್ತೆ ಪರೀಕ್ಷಿಸಿ. ಕಂದು ಬಣ್ಣ, ಸುಟ್ಟ ವಾಸನೆ ಬಂದರೆ ಕ್ಲಚ್ ಪ್ಲೇಟುಗಳು ಸವೆದಿವೆ. ಗುಲಾಬಿ ಹಾಲಿನ ಹಾಗಿದ್ದರೆ ನೀರು ಸೇರಿದೆ. ದಾರಿ ಬಹುಮಟ್ಟಿಗೆ ಆಯಿಲ್ ಕೂಲರ್. ಆಗ ಆ ಎಂಜಿನ್ ಅಲ್ಲೇ ನಿಲ್ಲಿಸಿ. ಇನ್ನೊಂದು ಎಂಜಿನ್ ಚೆನ್ನಾಗಿದೆ ಅಂತ ದಡ ಸೇರುವುದಾದರೆ ನಿಧಾನವಾಗಿ ಬನ್ನಿ.

ಬ್ರಾವೊದಲ್ಲಿ ಮೇಲಿನದೆಲ್ಲ ಸರಿಯಿದ್ದೂ ಜಾರುತ್ತಿದ್ದರೆ ಕೋನ್ ಕ್ಲಚ್ಚೇ. ಅದಕ್ಕೂ ಮುಂಚೆ ಶಿಫ್ಟ್ ಕೇಬಲ್ ಪೂರ್ತಿ ಎಳೆಯುತ್ತಿದೆಯೇ ನೋಡಿ. ಅರ್ಧ ಎಂಗೇಜ್ ಆದ ಕೋನ್ ಬೇಗ ಸುಟ್ಟುಹೋಗುತ್ತದೆ. ಕೇಬಲ್ ಸರಿಮಾಡುವುದು ಅಗ್ಗ, ಕ್ಲಚ್ ಅಲ್ಲ.

ಜಾರುತ್ತಿದೆಯೋ, ಎಂಜಿನ್ನೇ ಬಡವಾಗಿದೆಯೋ?

ಲೆಕ್ಕ ಹಾಕಿದರೆ ಗೊತ್ತಾಗುತ್ತದೆ. ಎಂಜಿನ್ ಆರ್‌ಪಿಎಂ ಅನ್ನು ಪ್ರೊಪೆಲ್ಲರ್ ಪಿಚ್‌ನಿಂದ (ಜಾರದೆ ಒಂದು ಸುತ್ತಿಗೆ ಅದು ಮುಂದೆ ಹೋಗಬೇಕಾದ ದೂರ), ಇಂಚಿನಲ್ಲಿ, ಗುಣಿಸಿ. ಬಂದದ್ದನ್ನು ಗೇರ್ ಅನುಪಾತದಿಂದಲೂ 1056ರಿಂದಲೂ ಭಾಗಿಸಿ. ಗಂಟೆಗೆ ಎಷ್ಟು ಮೈಲಿ ಹೋಗಬೇಕಿತ್ತು ಅನ್ನುವುದು ಸಿಗುತ್ತದೆ. 5000 ಆರ್‌ಪಿಎಂ, 24 ಇಂಚು ಪಿಚ್, 1.5 ಅನುಪಾತ ಅಂದುಕೊಳ್ಳಿ: ಸುಮಾರು 76 ಮೈಲಿ. ಜಿಪಿಎಸ್ 66 ತೋರಿಸಿದರೆ ಜಾರಿಕೆ ಶೇ 13. ವಿ ತಳದ ದೋಣಿಗೆ ಅದು ಸರಿಯಾದ ಸಂಖ್ಯೆ. 50 ತೋರಿಸಿದರೆ ಮೂರರಲ್ಲೊಂದು ಪಾಲು ಎಲ್ಲೋ ಸೋರಿಹೋಗುತ್ತಿದೆ, ಮೇಲಿನ ಭಾಗಕ್ಕೆ ವಾಪಸ್ ಹೋಗಿ. ಜಾರಿಕೆ ಸರಿಯಿದ್ದು ಆರ್‌ಪಿಎಂ ಮೇಲೇರದಿದ್ದರೆ ಮಾತ್ರ ಎಂಜಿನ್ ಕಡೆ ತಿರುಗಿ. ಅಲ್ಲೂ ಅಗ್ಗದ್ದು ಮೊದಲು: ಥ್ರಾಟಲ್ ಪೂರ್ತಿ ತೆರೆಯುತ್ತದೆಯೇ, ಫ್ಯೂಯಲ್ ಫಿಲ್ಟರಿನಿಂದ ಗಾಜಿನ ಜಾಡಿಗೆ ಸುರಿದ ಪೆಟ್ರೋಲ್ ತಳದಲ್ಲಿ ನೀರು ಕೂತಿದೆಯೇ. ಹಾಗೆಯೇ ದೋಣಿಯ ತಳವನ್ನೂ ಒಮ್ಮೆ ನೋಡಿ. ಪಾಚಿ ಹಿಡಿದಿದ್ದರೆ ಯಾವ ಎಂಜಿನ್ ತಾನೇ ಏನು ಮಾಡೀತು.

ತಿರುವಿನಲ್ಲಿ ಗರಗರ, ಟಕಟಕ ಸದ್ದು

ಸದ್ದು ಬರುವ ಹೊತ್ತು ನೆನಪಿಟ್ಟುಕೊಳ್ಳಿ. ನೇರ ಹೋಗುವಾಗ ಇಲ್ಲ, ಸ್ಟೀರಿಂಗ್ ತಿರುಗಿಸಿದಾಗ ಬರುತ್ತದೆ ಅಂದರೆ ಜಿಂಬಲ್ ಬೇರಿಂಗ್ ಅಥವಾ ಯು-ಜಾಯಿಂಟ್ (ಶಾಫ್ಟ್ ಬಾಗಿದರೂ ತಿರುಗಲು ಬಿಡುವ ಕೀಲು). ಗರಗರ ಬೇರಿಂಗಿನದು, ತಾಳಕ್ಕೆ ಸರಿಯಾಗಿ ಬರುವ ಟಕಟಕ ಯು-ಜಾಯಿಂಟಿನದು.

ಇಲ್ಲಿ ಒಂದು ಸೂಕ್ಷ್ಮ ಇದೆ, ಅನುಭವಿಗಳೂ ಎಡವುತ್ತಾರೆ. ಬ್ರಾವೊದಲ್ಲಿ ನ್ಯೂಟ್ರಲ್ ಇದ್ದರೂ ಎಂಜಿನ್ ಜೊತೆ ಯು-ಜಾಯಿಂಟ್ ಶಾಫ್ಟ್ ತಿರುಗುತ್ತಲೇ ಇರುತ್ತದೆ, ಕ್ಲಚ್ ಇರುವುದು ಅದರಾಚೆ. ಹಾಗಾಗಿ ನೀರಿನಲ್ಲಿ ದಡಕ್ಕೆ ಕಟ್ಟಿ, ನ್ಯೂಟ್ರಲ್ ಐಡಲ್‌ನಲ್ಲಿ ಸ್ಟೀರಿಂಗ್ ಎಡಬಲ ತಿರುಗಿಸಿದರೆ ಸದ್ದು ಕೇಳುತ್ತದೆ. ಟಿಆರ್‌ಎಸ್‌ನಲ್ಲಿ ಗೇರ್‌ಬಾಕ್ಸ್ ಮುಂದೆ ಇದೆ. ನ್ಯೂಟ್ರಲ್‌ನಲ್ಲಿ ಆ ಶಾಫ್ಟಿಗೆ ಶಕ್ತಿಯೇ ಹೋಗುವುದಿಲ್ಲ, ಕೆಟ್ಟ ಬೇರಿಂಗ್ ಕೂಡ ಸುಮ್ಮನಿರುತ್ತದೆ. ಗೇರ್ ಹಾಕಿದ ಮೇಲೆಯೇ ಬಾಯಿ ಬಿಡುವುದು. ಅದೇ ರೀತಿ, ಟಿಆರ್‌ಎಸ್ ನ್ಯೂಟ್ರಲ್‌ನಲ್ಲೇ ಕಟಕಟ ಅಂದರೆ ಹಿಂದೆ ಹುಡುಕಬೇಡಿ. ಅದು ಫ್ಲೈವೀಲ್ ಮತ್ತು ಗೇರ್‌ಬಾಕ್ಸ್ ಮಧ್ಯದ ಡ್ಯಾಂಪರ್ ಪ್ಲೇಟ್ ಇರಬಹುದು.

ಖಚಿತ ಮಾಡಿಕೊಳ್ಳಲು ಡ್ರೈವ್ ಇಳಿಸಬೇಕು. ಅದು ಭಾರ, ಸರಿಯಾದ ಸ್ಟ್ಯಾಂಡ್ ಇಲ್ಲದೆ ಬೋಲ್ಟ್ ಸಡಿಲಿಸಬೇಡಿ. ಇಳಿಸಿದ ಮೇಲೆ ಬೇರಿಂಗನ್ನು ಬೆರಳಿನಿಂದ ತಿರುಗಿಸಿ. ಒರಟು ಅನ್ನಿಸಿದರೆ, ತುಕ್ಕು ಕಂಡರೆ ಬದಲಿಸಿ. ಬೇರಿಂಗ್ ಒದ್ದೆ ಇದ್ದರೆ ಬೆಲೋಸ್ ಹರಿದಿದೆ. ಹೊಸ ಬೆಲೋಸ್ ಇಲ್ಲದೆ ಹೊಸ ಬೇರಿಂಗ್ ಹಾಕುವುದು ದುಡ್ಡನ್ನು ಸಮುದ್ರಕ್ಕೆ ಎಸೆದ ಹಾಗೆ. ಮತ್ತೆ ಜೋಡಿಸುವಾಗ ಅಲೈನ್‌ಮೆಂಟ್ ಬಾರ್ ಹಾಕಿ ನೋಡಲೇಬೇಕು. ಬಾರ್ ಸಲೀಸಾಗಿ ಕಪ್ಲರಿನೊಳಗೆ ಜಾರಬೇಕು, ಸುತ್ತಿಗೆ ಬೇಕಾದರೆ ಅಲೈನ್‌ಮೆಂಟ್ ತಪ್ಪಿದೆ.

ಗೇರ್ ಆಯಿಲ್ ಹಾಲಿನಂತಾಗಿದೆ

ರಾತ್ರಿ ಇಡೀ ದೋಣಿ ನಿಂತಿರಲಿ. ನೀರು ತಳಕ್ಕೆ ಇಳಿಯುತ್ತದೆ. ಬೆಳಗ್ಗೆ ಡ್ರೈವಿನ ಕೆಳಗಿನ ಪ್ಲಗ್ ಸ್ವಲ್ಪವೇ ಸಡಿಲಿಸಿ. ಮೊದಲ ಹನಿ ನೀರಾಗಿದ್ದರೆ ಎಲ್ಲಿಂದಲೋ ನೀರು ಒಳಗೆ ಬರುತ್ತಿದೆ. ಮೊದಲು ಪ್ಲಗ್‌ಗಳ ವಾಷರ್ ಬದಲಿಸಿ, ಹಲವು ಸಲ ಅಷ್ಟೇ ಇರುತ್ತದೆ. ಆಮೇಲೆ ಪ್ರೊಪೆಲ್ಲರ್ ತೆಗೆದು ಶಾಫ್ಟಿಗೆ ಮೀನಿನ ಗಾಳದ ದಾರ ಸುತ್ತಿಕೊಂಡಿದೆಯೇ ನೋಡಿ. ಅದು ಸೀಲನ್ನು ಚಾಕುವಿನಂತೆ ಕೊಯ್ಯುತ್ತದೆ. ಅಲ್ಲೂ ಏನಿಲ್ಲದಿದ್ದರೆ ಪ್ರೆಶರ್ ಮತ್ತು ವ್ಯಾಕ್ಯೂಮ್ ಪರೀಕ್ಷೆ. ಅದನ್ನು ವರ್ಕ್‌ಶಾಪಿಗೆ ಬಿಡಿ.

ಪ್ಲಗ್‌ನ ಅಯಸ್ಕಾಂತದ ಮೇಲೆ ಬೂದು ಬಣ್ಣದ ನಯವಾದ ಪೇಸ್ಟ್ ಇದ್ದರೆ ಮಾಮೂಲು ಸವೆತ. ಚೂರು, ಹಲ್ಲಿನ ತುಂಡು ಸಿಕ್ಕರೆ ಆ ಡ್ರೈವನ್ನು ಇನ್ನು ಒಂದು ಸಲವೂ ಓಡಿಸಬೇಡಿ. ಗೇರ್ ಒಡೆದು ಡ್ರೈವ್ ಜಾಮ್ ಆದರೆ ದೋಣಿ ವೇಗದಲ್ಲೇ ಒಂದು ಬದಿಗೆ ಎಳೆಯಬಹುದು.

ಟೆಂಪರೇಚರ್ ಮುಳ್ಳು ಏರುತ್ತಿದೆ

ಇದು ಕೂಡ ಯಾವಾಗ ಅನ್ನುವುದರ ಮೇಲೆ ನಿಂತಿದೆ. ಐಡಲ್‌ನಲ್ಲಿ ಬಿಸಿ, ಓಡಿದರೆ ತಣ್ಣಗೆ: ಸವೆದ ರಬ್ಬರ್ ಇಂಪೆಲ್ಲರ್ ಅಥವಾ ಪಂಪಿಗೆ ಹೋಗುವ ಪೈಪಿನಲ್ಲಿ ಗಾಳಿ ಸೇರುತ್ತಿದೆ. ಐಡಲ್‌ನಲ್ಲಿ ಸರಿ, ವೇಗದಲ್ಲಿ ಬಿಸಿ: ನೀರಿನ ದಾರಿ ಎಲ್ಲೋ ಕಿರಿದಾಗಿದೆ. ಪಿಕಪ್ ತೂತಿಗೆ ಪ್ಲಾಸ್ಟಿಕ್ ಚೀಲ, ಒಳಗೇ ಕುಸಿದ ಹೋಸ್, ಇಲ್ಲವೇ ತುಕ್ಕು ತುಂಬಿದ ಎಕ್ಸಾಸ್ಟ್ ರೈಸರ್, ಅಂದರೆ ಎಂಜಿನ್ ಹೊಗೆ ಹೊರಹೋಗುವ, ನೀರಿನಿಂದ ತಣಿಯುವ ಕೊಳವೆ. ಬ್ರಾವೊದಲ್ಲಿ, ಈ ವರ್ಗದ ಇನ್ನೂ ಹಲವು ದೋಣಿಗಳಲ್ಲಿ, ಪಂಪು ಎಂಜಿನ್ ಮುಂದೆಯೇ ಇರುವುದರಿಂದ ಇಂಪೆಲ್ಲರ್ ನೋಡುವುದು ಸುಲಭ. ರೆಕ್ಕೆ ತುಂಡಾಗಿದ್ದರೆ ಎಣಿಸಿ, ಕಾಣೆಯಾದ ಪ್ರತಿ ತುಂಡನ್ನೂ ಕೂಲರ್ ಬಾಯಿಯಲ್ಲಿ ಹುಡುಕಿ ತೆಗೆಯಿರಿ. ಹೊಸ ಇಂಪೆಲ್ಲರ್ ಹಾಕಿದ ಮೇಲೂ ಬಿಸಿಯಾಗುವ ದೋಣಿಗಳಲ್ಲಿ ಉತ್ತರ ಎಷ್ಟೋ ಸಲ ಅಲ್ಲೇ ಸಿಕ್ಕಿಕೊಂಡಿರುತ್ತದೆ.

ಉಪ್ಪುನೀರಿನಲ್ಲಿ ರೈಸರ್‌ಗಳು ಒಳಗಿನಿಂದ ಕೊಳೆಯುತ್ತವೆ. ತೂತಾದರೆ ನೀರು ಸಿಲಿಂಡರಿಗೆ ಇಳಿಯುತ್ತದೆ. ಸ್ಟಾರ್ಟ್ ಮಾಡಿದಾಗ ‘ಟಕ್’ ಅಂದು ಅಲ್ಲೇ ನಿಂತರೆ ಮತ್ತೆ ಕೀ ತಿರುಗಿಸಬೇಡಿ. ಬ್ಯಾಟರಿ ವೀಕ್ ಅಂದುಕೊಂಡು ಜಂಪ್ ಕೊಟ್ಟರೆ ಕನೆಕ್ಟಿಂಗ್ ರಾಡ್ ಬಗ್ಗುತ್ತದೆ. ಸ್ಪಾರ್ಕ್ ಪ್ಲಗ್ ಎಲ್ಲ ತೆಗೆದು ನೀರಿದೆಯೇ ನೋಡಿ. ಇದ್ದರೆ ಮೆಕ್ಯಾನಿಕ್‌ಗೆ ಅವತ್ತೇ ಫೋನ್ ಮಾಡಿ, ಭಾನುವಾರದವರೆಗೆ ಕಾಯಬೇಡಿ.

ವೇಗದಲ್ಲಿ ದೋಣಿ ಎಡಕ್ಕೂ ಬಲಕ್ಕೂ ತೂಗುತ್ತದೆ

ಇದಕ್ಕೆ ಚೈನ್ ವಾಕ್ ಅನ್ನುತ್ತಾರೆ. ಇಲ್ಲಿ ಚೈನ್ (chine) ಅಂದರೆ ಸರಪಳಿ ಅಲ್ಲ, ದೋಣಿಯ ತಳ ಪಕ್ಕದ ಗೋಡೆಗೆ ಸೇರುವ ಅಂಚು. ಆಳ ವಿ ತಳದ ದೋಣಿ ಜಾಸ್ತಿ ವೇಗದಲ್ಲಿ ಬರೀ ವಿ ತಳದ ನಡುಗೆರೆಯ ಹಿಂದಿನ ತುದಿಯ ಮೇಲೆ ನಿಲ್ಲುತ್ತದೆ, ಆಗ ಅತ್ತಿತ್ತ ವಾಲುವುದು ಅದರ ಗುಣ. ತೂಗಾಟ ಶುರುವಾದರೆ ಸ್ಟೀರಿಂಗ್ ಜೊತೆ ಗುದ್ದಾಡಬೇಡಿ, ಥ್ರಾಟಲ್ ಏಕಾಏಕಿ ಬಿಡಬೇಡಿ. ಟ್ರಿಮ್ ಸ್ವಲ್ಪ ಇಳಿಸಿ, ವೇಗವನ್ನು ನಿಧಾನ ತಗ್ಗಿಸಿ.

ಮೊದಲು ಆಗದೆ ಈಗ ಆಗುತ್ತಿದ್ದರೆ ಕಾರಣ ಹುಡುಕಬೇಕು. ದೋಣಿ ನಿಂತಿರುವಾಗ ಒಬ್ಬರು ಸ್ಟೀರಿಂಗ್ ಬಿಗಿ ಹಿಡಿಯಲಿ, ನೀವು ಡ್ರೈವನ್ನು ಕೈಯಿಂದ ಎಡಬಲ ಅಲ್ಲಾಡಿಸಿ. ಆಟ, ಅಂದರೆ ಸಡಿಲ, ಇದ್ದರೆ ಅದೇ ಮೊದಲ ಆರೋಪಿ. ಎರಡು ಡ್ರೈವ್ ಇದ್ದರೆ ಮಧ್ಯದ ಟೈ ಬಾರ್‌ನ ತುದಿಗಳನ್ನೂ ನೋಡಿ. ಸ್ಟೀರಿಂಗ್‌ನಲ್ಲಿ ಆಟ ಇರುವ ದೋಣಿಯನ್ನು ಪೂರ್ತಿ ವೇಗಕ್ಕೆ ಒಯ್ಯಲೇಬೇಡಿ. ಚಾಲಕ ಬಿದ್ದರೆ ಎಂಜಿನ್ ನಿಲ್ಲಿಸುವ ಕಿಲ್ ಸ್ವಿಚ್ ಹಗ್ಗವನ್ನು ಲೈಫ್ ಜಾಕೆಟ್‌ಗೆ ಸಿಕ್ಕಿಸಿಕೊಳ್ಳಿ. ಅಮೆರಿಕದಲ್ಲಿ 2021ರ ಏಪ್ರಿಲ್‌ನಿಂದ ಅದರ ಬಳಕೆಗೆ ಕಾನೂನು ಬಂದಿದೆ, ಆದರೆ 26 ಅಡಿಗಿಂತ ಚಿಕ್ಕ ದೋಣಿಗಳಿಗೆ. ನಮ್ಮ ಮಾತಿನಲ್ಲಿರುವ ದೋಣಿಗಳಲ್ಲಿ ಹೆಚ್ಚಿನವು ಅದಕ್ಕಿಂತ ಉದ್ದ. ಕಾನೂನು ಕೇಳಲಿ, ಬಿಡಲಿ, 70 ಮೈಲಿ ವೇಗದಲ್ಲಿ ನೀರಿಗೆ ಬಿದ್ದರೆ ದೋಣಿ ನಿಲ್ಲಬೇಕು ಅಲ್ವಾ?

ಸರಿಮಾಡಿದಷ್ಟೂ ಮತ್ತೆ ಮತ್ತೆ ಅದೇ ಕೆಡುತ್ತದೆ

ಒಂದು ವರ್ಷ ಕಪ್ಲರ್, ಮರುವರ್ಷ ಜಿಂಬಲ್ ಬೇರಿಂಗ್, ಪ್ರತಿ ಸಲವೂ ಅಲೈನ್‌ಮೆಂಟ್ ತಪ್ಪಿರುತ್ತದೆ. ಹಾಗಾದರೆ ಯಂತ್ರ ಬಿಟ್ಟು ದೋಣಿಯನ್ನೇ ಅನುಮಾನಿಸಿ. ಆ ಕಾಲದ ಎಷ್ಟೋ ದೋಣಿಗಳ ಟ್ರಾನ್ಸಮ್, ಅಂದರೆ ಡ್ರೈವ್ ಹೊತ್ತ ಹಿಂದಿನ ಗೋಡೆ, ಫೈಬರ್‌ಗ್ಲಾಸ್ ಪದರಗಳ ಮಧ್ಯೆ ಪ್ಲೈವುಡ್ ಇಟ್ಟು ಮಾಡಿದ್ದು. ಬೋಲ್ಟ್ ತೂತಿನಿಂದ ನೀರು ಇಳಿದು ಪ್ಲೈವುಡ್ ಕೊಳೆತರೆ ಗೋಡೆ ಬಳಕುತ್ತದೆ. ಎಂಜಿನ್‌ನ ಹಿಂದಿನ ತುದಿ ಅದಕ್ಕೇ ಆನಿಕೊಂಡಿರುವುದರಿಂದ ಅಲೈನ್‌ಮೆಂಟ್ ಉಳಿಯುವ ಮಾತೇ ಇಲ್ಲ.

ಪ್ಲಾಸ್ಟಿಕ್ ಸುತ್ತಿಗೆಯಿಂದ ಟ್ರಾನ್ಸಮ್ ಪೂರ್ತಿ ತಟ್ಟುತ್ತಾ ಹೋಗಿ. ಗಟ್ಟಿಯಾದ ಸದ್ದು ಒಳ್ಳೆಯದು, ಬದ್ ಅನ್ನುವ ಮಂದ ಸದ್ದು ಕೆಟ್ಟದ್ದು. ಡ್ರೈವಿನ ಸುತ್ತ ಉದ್ದನೆ ಸ್ಕೇಲ್ ಇಟ್ಟು ಗೋಡೆ ಒಳಕ್ಕೆ ತಗ್ಗಿದೆಯೇ ನೋಡಿ. ಒಬ್ಬರು ಡ್ರೈವಿನ ಮೇಲೆ ಭಾರ ಹಾಕಿ ಮೇಲೆ ಕೆಳಗೆ ಒತ್ತಲಿ, ಇನ್ನೊಬ್ಬರು ಒಳಗಿನಿಂದ ಟಾರ್ಚ್ ಬಿಟ್ಟು ಗೋಡೆ ಅಲುಗುತ್ತದೆಯೇ ನೋಡಲಿ. ಅನುಮಾನ ಉಳಿದರೆ ಮರೀನ್ ಸರ್ವೇಯರ್ ಕರೆಸಿ. ಒಳಗಿನಿಂದ ಚಿಕ್ಕ ತೂತು ಕೊರೆದು ಮರದ ಪುಡಿ ಒದ್ದೆಯೋ ಒಣಗಿದೆಯೋ ನೋಡುವುದು ಕೊನೆಯ ಪರೀಕ್ಷೆ. ಆ ತೂತನ್ನು ಅಂದೇ ಎಪಾಕ್ಸಿಯಿಂದ ಮುಚ್ಚಬೇಕು.

ಕೊಳ್ಳಲು ಹೊರಟವರು ಈ ಕೊನೆಯ ಭಾಗವನ್ನೇ ಮೊದಲು ಮಾಡಿ. ಎಂಜಿನ್ ಸದ್ದು ಕೇಳಿ ಮರುಳಾಗುವ ಮುಂಚೆ. ಟ್ರಾನ್ಸಮ್ ಹೊಸದಾಗಿ ಕಟ್ಟಿಸಲು ಎರಡೂ ಎಂಜಿನ್, ಎರಡೂ ಡ್ರೈವ್ ಹೊರಗೆ ಬರಬೇಕು. ಆ ಬಿಲ್ಲು ಎಷ್ಟೋ ಸಲ ದೋಣಿಗೆ ಕೊಟ್ಟ ಬೆಲೆಯನ್ನೇ ಮೀರುತ್ತದೆ.